ಉರುವಲು ಮಂಕರಿ (ತಿಪಟೂರು ಸೀಮೆ)

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮನೆಗಳಲ್ಲಿ ಅಡುಗೆ ಒಲೆಯ ಅಥವಾ ಬಚ್ಚಲ ಹಂಡೆ ಒಲೆಯ ಪಕ್ಕ ಆ ಹೊತ್ತಿನ ಉರುವಲು ಇಡುವ ಬುಟ್ಟಿ, ಡಬ್ಬ ಅಥವಾ ಚೀಲ. ಇಲ್ಲಿ ಉರುವಲು ತೆಂಗಿನ ತೋಟದ್ದೇ: ಚಿಪ್ಪು, ಮಟ್ಟೆ, ಒಣಗರಿ, ಹೊಂಬಾಳೆ. ಯಾವುದರಲ್ಲಿ ಇಡಬೇಕೆಂಬುದು ಉರಿಸುವುದು ಯಾವುದು ಎಂಬುದರ ಮೇಲೆ ನಿಂತಿದೆ.

ಈ ಸೀಮೆಯ ಚಿಪ್ಪಿನದೇ ಒಂದು ತಕರಾರು. ಕಾಯಿ ಒಡೆದು ಹೋಳನ್ನು ಒಣಗಿಸುವ ಕಡೆ ಬಟ್ಟಲಿನಂಥ ಚಿಪ್ಪು ಉಳಿಯುತ್ತದೆ. ತಿಪಟೂರಿನ ಉಂಡೆ ಕೊಬ್ಬರಿಗೆ ಕಾಯನ್ನು 8ರಿಂದ 12 ತಿಂಗಳು ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿದ ಮೇಲೆ ಗಿಟುಕಿಗೆ ಪೆಟ್ಟು ಬೀಳದಂತೆ ಸುತ್ತಲೂ ಬಡಿದು ಚಿಪ್ಪು ಬಿಡಿಸುತ್ತಾರೆ. ಉಳಿಯುವುದು ಚೂಪು ಅಂಚಿನ ಚೂರು. ಸಡಿಲ ಹೆಣಿಗೆಯ ಬುಟ್ಟಿಯಿಂದ ಅದು ಉದುರುತ್ತದೆ, ಗೋಣಿಚೀಲವನ್ನು ಹರಿಯುತ್ತದೆ. ಇದಕ್ಕೆ ಮೇಲ್ಭಾಗ ಕತ್ತರಿಸಿ ಅಂಚು ಒಳಕ್ಕೆ ಮಡಚಿದ 15 ಕೆ.ಜಿ. ಎಣ್ಣೆಯ ತಗಡಿನ ಡಬ್ಬವೇ ಸರಿ. ಚಿಪ್ಪು ಉರಿಯುವಾಗ ಸಿಡಿಯುವುದೂ ಉಂಟು. ತಗಡಿಗೆ ಕಿಡಿಯ ಭಯವಿಲ್ಲ.

ಮಟ್ಟೆಯ ಗುಣ ಬೇರೆ. ಅದರ ನಾರಿನ ನಡುವಿನ ಪುಡಿ ನೀರು ಹೀರಿಕೊಳ್ಳುತ್ತದೆ. ಒದ್ದೆ ಮಟ್ಟೆ ಒಲೆಗೆ ಬಿದ್ದರೆ ಮನೆಯೆಲ್ಲ ಹೊಗೆ. ಮಳೆಗಾಲದಲ್ಲಿ ಇದಕ್ಕೆ ಗಾಳಿಯಾಡುವ ಬಿದಿರಿನ ಮಂಕರಿ ಬೇಕು, ಅದನ್ನೂ ನೆಲದಿಂದ ಎತ್ತಿ ಎರಡು ಇಟ್ಟಿಗೆಯ ಮೇಲಿಡಬೇಕು. ಖಾಲಿಯಾದ ಪ್ಲಾಸ್ಟಿಕ್ ಗೊಬ್ಬರದ ಚೀಲ ಪುಕ್ಕಟೆ ಸಿಗುತ್ತದೆಂದು ಈಗ ಎಲ್ಲೆಡೆ ಕಾಣುತ್ತದೆ. ಒಳಗೆ ತೇವ ಉಳಿಸಿಕೊಂಡು, ಒಂದು ಕಿಡಿಗೆ ಕರಗಿಬಿಡುವ ಅದು ಒಲೆಯ ಬದಿಗೆ ತೀರಾ ಒಗ್ಗದ ವಸ್ತು. ಒಣಗರಿ ಥಟ್ಟನೆ ಹೊತ್ತಿಕೊಳ್ಳುವುದರಿಂದ ಅದರ ಕಟ್ಟು ಹೊರಗೇ ಇರಬೇಕು. ಒಲೆ ಹೊತ್ತಿಸಲು ಒಂದು ಹಿಡಿ ಒಳಗೆ ತಂದರೆ ಸಾಕು.

ಡಬ್ಬವಾಗಲಿ ಮಂಕರಿಯಾಗಲಿ, ಒಂದು ದಿನದ ಉರುವಲಿಗಿಂತ ದೊಡ್ಡದು ಬೇಡ. ವಾರಗಟ್ಟಲೆ ಅಲುಗದ ರಾಶಿಯಲ್ಲಿ ಚೇಳು, ಹಾವು ಸೇರುತ್ತವೆ. ಇಡುವುದು ಒಲೆಯ ಬಾಯಿಗೆ ಎದುರಲ್ಲ, ಬದಿಗೆ, ಕೈ ಚಾಚಿದರೆ ಸಿಗುವಷ್ಟು ದೂರ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕಕ್ಕೆ ಇದೇ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕೇಂದ್ರವಿತ್ತು, ಅದು ರೂಪಿಸಿದ ಅಸ್ತ್ರ ಒಲೆಗೆ ಗಿಡ್ಡ ತುಂಡುಗಳೇ ಬೇಕಾದ್ದರಿಂದ ಸಣ್ಣ ಡಬ್ಬವೇ ಸಾಕಾಗುತ್ತದೆ.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಗ್ಯಾಸ್ ಇನ್ನಷ್ಟು ಮನೆಗಳಿಗೆ ತಲುಪಿತು. ಆದರೂ ಸ್ನಾನದ ನೀರು ಕಾಯಿಸಲು ಹಂಡೆ ಒಲೆ ಹಲವೆಡೆ ಉಳಿದಿದೆ. ಚಿಪ್ಪನ್ನು ಇದ್ದಿಲಿಗಾಗಿ ಕೊಳ್ಳುವವರಿರುವುದರಿಂದ ಬಚ್ಚಲ ಬದಿಯ ಮಂಕರಿಯಲ್ಲಿ ಮಟ್ಟೆಯದೇ ಮೇಲುಗೈ. ಉಳಿದ ಕೆಂಡವನ್ನು ಇದ್ದಿಲು ಮಾಡಿಕೊಳ್ಳುವವರು ಬಿಗಿ ಮುಚ್ಚಳದ ಬೇರೆ ತಗಡಿನ ಡಬ್ಬ ಇಟ್ಟುಕೊಳ್ಳಬೇಕು: ಗಾಳಿಯಿಲ್ಲದೆ ಕೆಂಡ ಅದರಲ್ಲಿ ಆರುತ್ತದೆ. ಅದನ್ನು ಉರುವಲಿನ ಡಬ್ಬಕ್ಕೆ ಸುರಿಯಬಾರದು.