ಮಕ್ಕಳ ಚಿತ್ರಪುಸ್ತಕಗಳಲ್ಲಿ ಆಟಗಾರರ ಬದುಕು



'ಪಢೋಗೆ ಲಿಖೋಗೆ ಬನೋಗೆ ನವಾಬ್, ಖೇಲೋಗೆ ಕೂದೋಗೆ ಬನೋಗೆ ಖರಾಬ್' ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಕೇಳದವರು ಯಾರಿದ್ದಾರೆ? ಓದಿ ಬರೆದರೆ ನವಾಬ, ಆಡಿ ಕುಣಿದರೆ ಹಾಳು ಎಂದು ಇದರ ಅರ್ಥ. ಈ ನಂಬಿಕೆ ಮನೆಯಲ್ಲಷ್ಟೇ ಅಲ್ಲ, ಮಕ್ಕಳ ಪುಸ್ತಕಗಳ ಕಪಾಟಿನಲ್ಲಿಯೂ ಬಹುಕಾಲ ಆಳಿತು. ಆಟಗಾರರ ಜೀವನವನ್ನು ಚಿತ್ರಗಳ ಮೂಲಕ ಹೇಳುವ ಪುಸ್ತಕಗಳ ಇತಿಹಾಸವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಇಂಥ ಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ. ಅಚ್ಚಿನ ದೊಡ್ಡ ಹಾಳೆಯನ್ನು ಮಡಿಸಿದಾಗ ಪುಟಗಳು ಎಂಟು, ಹದಿನಾರರ ಲೆಕ್ಕದಲ್ಲಿ ಬರುವುದರಿಂದ ಈ ಸಂಖ್ಯೆ ರೂಢಿಗೆ ಬಂತು. ಇಷ್ಟರಲ್ಲಿ ಒಬ್ಬರ ಇಡೀ ಬದುಕು ಹಿಡಿಯುವುದಿಲ್ಲ. ಆದ್ದರಿಂದ ಬರೆಯುವವರು ಒಂದೆರಡು ಘಟನೆಗಳನ್ನು ಆರಿಸಿಕೊಳ್ಳುತ್ತಾರೆ. ಉಳಿದುದನ್ನು ಚಿತ್ರ ಹೇಳುತ್ತದೆ.

ಅಮೆರಿಕದಲ್ಲಿ ಡೋಲೇರ್ ದಂಪತಿ ರಚಿಸಿದ ಅಬ್ರಹಾಂ ಲಿಂಕನ್ ಅವರ ಚಿತ್ರಜೀವನಕ್ಕೆ 1940ರಲ್ಲಿ ಕಾಲ್ಡೆಕಾಟ್ ಪದಕ ದೊರೆಯಿತು. ಆಗ ಇಂಥ ಪುಸ್ತಕಗಳ ನಾಯಕರು ರಾಷ್ಟ್ರಾಧ್ಯಕ್ಷರು, ನಾವಿಕರು. ಆಟಗಾರರು ದೊಡ್ಡ ಪ್ರಮಾಣದಲ್ಲಿ ಬಂದದ್ದು ಬಹಳ ತಡವಾಗಿ. 1990ರಲ್ಲಿ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್ ಕುರಿತ 'ಟೀಮ್‌ಮೇಟ್ಸ್' ಬಂತು. 1996ರಲ್ಲಿ ಕ್ಯಾಥ್ಲೀನ್ ಕ್ರಲ್ ಬರೆದ, ಡೇವಿಡ್ ಡಿಯಾಜ್ ಚಿತ್ರ ಬಿಡಿಸಿದ 'ವಿಲ್ಮಾ ಅನ್‌ಲಿಮಿಟೆಡ್' ಬಂತು. ಪೋಲಿಯೋದಿಂದ ಕಾಲಿಗೆ ಲೋಹದ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದ ವಿಲ್ಮಾ ರುಡಾಲ್ಫ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಕಥೆ ಅದು.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ಶಿವರಾಮ ಕಾರಂತರು 1936ರಲ್ಲಿಯೇ ಮಕ್ಕಳಿಗಾಗಿ 'ಬಾಲಪ್ರಪಂಚ' ಎಂಬ ವಿಶ್ವಕೋಶವನ್ನು ಕೊಟ್ಟರು. 1949ರಲ್ಲಿ 'ಚಂದಮಾಮ' ಕನ್ನಡದಲ್ಲಿ ಬಂತು. 'ಅಮರ ಚಿತ್ರ ಕಥೆ'ಯ ಮೊದಲ 10 ಪುಸ್ತಕಗಳು 1965ರ ಸುಮಾರಿಗೆ ಅಚ್ಚಾದದ್ದು ಕನ್ನಡದಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಬೆಂಗಳೂರಿನ ಐಬಿಎಚ್‌ನ ಜಿ. ಕೆ. ಅನಂತರಾಂ ಅವರ ಪ್ರಯತ್ನ ಅದು. ಅವು ಪಾಶ್ಚಾತ್ಯ ಕಥೆಗಳು, 'ಕೃಷ್ಣ' 11ನೆಯದು. 1970ರ ದಶಕದಲ್ಲಿ ಆರಂಭವಾದ 'ಭಾರತ-ಭಾರತಿ' ಮಾಲೆಯಲ್ಲಿ 510 ಕಿರುಪುಸ್ತಕಗಳು ಬಂದವು. ಈ ಎಲ್ಲದರಲ್ಲಿ ರಾಜರು, ಸಂತರು, ಕವಿಗಳು, ಸ್ವಾತಂತ್ರ್ಯ ಯೋಧರು ತುಂಬಿದ್ದರು. ಅದು ಒಳ್ಳೆಯದೇ. ಆದರೆ ಆಟಗಾರರ ಪಾಲು ತೀರ ಚಿಕ್ಕದು.

ಹಾಗೆಂದು ಮಕ್ಕಳು ಸುಮ್ಮನೆ ಕುಳಿತರೇ? ಇಲ್ಲ. ಪತ್ರಿಕೆಯಲ್ಲಿ ಬಂದ ಆಟಗಾರರ ಫೋಟೋಗಳನ್ನು ಕತ್ತರಿಸಿ, ಹಳೆಯ ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ರನ್ನು, ವಿಕೆಟ್ಟು, ತಾರೀಖು ಬರೆದಿಟ್ಟರು. 1983ರ ವಿಶ್ವಕಪ್ ಗೆಲುವಿನ ನಂತರ ಇಂಥ ಪುಸ್ತಕ ಓಣಿಗೆ ಒಂದೆರಡಾದರೂ ಇದ್ದವು. ನಮ್ಮ ಊರುಗಳಲ್ಲಿ ಆಟಗಾರರ ಮೊದಲ ಚಿತ್ರಪುಸ್ತಕಗಳನ್ನು ಮಾಡಿದವರು ಪ್ರಕಾಶಕರಲ್ಲ, ಮಕ್ಕಳೇ ಎಂದರೆ ತಪ್ಪಾಗಲಾರದು.

ವಸ್ತುವಿಗೆ ಬರವಿತ್ತೇ? ನೀವೇ ನೋಡಿರಿ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿಯೇ ಪೋಲಿಯೋದಿಂದ ಸೊರಗಿತು. ಅದೇ ಕೈಯಿಂದ ಅವರು 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ವಿಲ್ಮಾ ಕಥೆಗೆ ಇದು ಯಾವುದರಲ್ಲಿ ಕಡಿಮೆ?

ಗದಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳಿ ಊರು ಸೇರುತ್ತಿದ್ದರು. ನಮ್ಮ ಕೇಶ್ವಾಪುರದ ಮಗ್ಗುಲಲ್ಲಿಯೇ ಇರುವ ಗದಗ ರಸ್ತೆಯನ್ನು ನೋಡಿದಾಗ ಆ ದೂರವನ್ನು ನೆನೆಯಿರಿ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಅವರು 10 ಓವರುಗಳಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದರು.

ಸೈಯದ್ ಕಿರ್ಮಾನಿ ಅವರ ಉದಾಹರಣೆ ಇನ್ನೂ ಸ್ವಾರಸ್ಯಕರ. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಆ ದಿನ ಕಪಿಲ್ ದೇವ್ ಹೊಡೆದ 175 ಎಲ್ಲರಿಗೂ ಗೊತ್ತು. ಆದರೆ 140 ರನ್ನಿಗೆ ಎಂಟನೆಯ ವಿಕೆಟ್ ಬಿದ್ದ ಮೇಲೆ ಕೊನೆಯವರೆಗೆ ಜೊತೆಗೆ ನಿಂತವರು ಕಿರ್ಮಾನಿ. ಅವರ ರನ್ನು 24, ಜೊತೆಯಾಟ ಮುರಿಯದ 126. ಈ ಪಂದ್ಯದ ವಿಡಿಯೋ ಎಲ್ಲಿಯೂ ಇಲ್ಲ! ಇಂದಿನ ಮಗು ಅದನ್ನು ನೋಡಬೇಕಾದರೆ ಯಾರಾದರೂ ಚಿತ್ರ ಬಿಡಿಸಿಯೇ ತೋರಿಸಬೇಕು. ಜೊತೆಗಾರನಾಗಿ ನಿಲ್ಲುವುದೂ ಒಂದು ಸಾಧನೆ ಎಂಬುದನ್ನು ನಮ್ಮ ಮಕ್ಕಳು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಗೆದ್ದವರದ್ದೇ ಬರೆಯಬೇಕೆಂದಿಲ್ಲ. ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಅಂದಿನ ದೂರ 42.75 ಕಿಲೋಮೀಟರ್, ಒಲಿಂಪಿಕ್ಸ್ ಮ್ಯಾರಥಾನುಗಳಲ್ಲಿಯೇ ಅತಿ ಉದ್ದದ್ದು. ಪದಕವಿಲ್ಲದ ಓಟವೂ ಪುಸ್ತಕಕ್ಕೆ ಅರ್ಹ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಅಗತ್ಯ. ಗಾಲಿಕುರ್ಚಿಯಿಂದ ಸ್ಪರ್ಧಿಸಿ ಅರ್ಜುನ ಪ್ರಶಸ್ತಿ, ಪದ್ಮಶ್ರೀ ಪಡೆದ ಬೆಂಗಳೂರಿನ ಮಾಲತಿ ಹೊಳ್ಳ, 2022 ಮತ್ತು 2023ರಲ್ಲಿ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಆದ ನಿಜಾಮಾಬಾದಿನ ನಿಖತ್ ಜರೀನ್ ಇವರ ಮುಖಗಳು ಮೂರನೆಯ ತರಗತಿಯಲ್ಲೇ ಕಣ್ಣಿಗೆ ಬಿದ್ದರೆ, 'ಇದು ನನಗಲ್ಲ' ಎಂಬ ಮಾತು ಹುಡುಗಿಯ ಬಾಯಿಗೆ ಅಷ್ಟು ಬೇಗ ಬರಲಾರದು.

ಒಂದು ಎಚ್ಚರಿಕೆಯೂ ಬೇಕು. 'ಟೀಮ್‌ಮೇಟ್ಸ್' ಪುಸ್ತಕದಲ್ಲಿ ಬಿಳಿಯ ಆಟಗಾರ ಪೀ ವೀ ರೀಸ್, ನಿಂದನೆಗೆ ಗುರಿಯಾದ ಕರಿಯ ಗೆಳೆಯ ರಾಬಿನ್ಸನ್ ಹೆಗಲ ಮೇಲೆ ಮೈದಾನದಲ್ಲಿಯೇ ಕೈ ಹಾಕುವ ದೃಶ್ಯವಿದೆ. ಅದು ನಡೆದದ್ದು ಎಲ್ಲಿ, ಯಾವಾಗ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಒಮ್ಮೆ ಚಿತ್ರವಾದದ್ದು ಮಗುವಿನ ಮನಸ್ಸಿನಲ್ಲಿ ಸತ್ಯವಾಗಿ ಕೂತುಬಿಡುತ್ತದೆ. ಆದುದರಿಂದ ಬರೆಯುವವರು ಚಂದದ ಕಥೆಗಿಂತ ಮೊದಲು ನಿಜವನ್ನು ಹುಡುಕಬೇಕು.

ಎರಡು ಭಾಷೆ ಕಲಿಸುವ ನಮ್ಮಂಥವರಿಗೆ ಇನ್ನೊಂದು ಸೂಕ್ಷ್ಮ ಗೊತ್ತು. ಕನ್ನಡ ಪುಸ್ತಕ ಎಡದಿಂದ ಬಲಕ್ಕೆ ಸಾಗುತ್ತದೆ, ಉರ್ದು ಬಲದಿಂದ ಎಡಕ್ಕೆ. ಕನ್ನಡ ಪುಸ್ತಕದಲ್ಲಿ ಮುಂದೆ ಓಡುವ ಚೌಗುಲೆ, ಅದೇ ಚಿತ್ರವನ್ನು ಉರ್ದುವಿಗೆ ಬಳಸಿದರೆ ಹಿಂದಕ್ಕೆ ಓಡಿದಂತೆ ಕಾಣುತ್ತಾರೆ. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಚಂದ್ರಶೇಖರ್ ಎಡಗೈ ಬೌಲರ್ ಆಗಿಬಿಡುತ್ತಾರೆ, ಸೊರಗಿದ ಕೈಯೇ ಬದಲಾಗುತ್ತದೆ! ಬರೀ ಅನುವಾದ ಸಾಲದು. ಉರ್ದುವಿಗೆ ಚಿತ್ರವನ್ನೂ ಹೊಸದಾಗಿ ಬಿಡಿಸಬೇಕು.

ಇಂದು ದಾರಿ ಸುಲಭವಾಗಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್'ನಲ್ಲಿ ಕನ್ನಡ, ಉರ್ದು ಸೇರಿ ಅನೇಕ ಭಾಷೆಗಳ ಚಿತ್ರಕಥೆಗಳನ್ನು ಉಚಿತವಾಗಿ ಓದಬಹುದು, ನೀವೇ ರಚಿಸಲೂಬಹುದು. ಸದಸ್ಯ ಬಂಧುಗಳು ಬಹುಮಾನವಾಗಿ ಸ್ಟೀಲ್ ಲೋಟ ಕೊಡುವ ಬದಲು ಇಂಥ ಒಂದು ಪುಸ್ತಕ ಕೊಡಲಿ. ವಿದ್ಯಾರ್ಥಿಗಳೇ, ನಿಮ್ಮ ಓಣಿಯ ಹಳೆಯ ಪೈಲ್ವಾನರು, ಹಾಕಿ ಆಡಿದವರು, ರೈಲ್ವೆ ತಂಡದಲ್ಲಿ ಓಡಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಬಳಿ ಕುಳಿತು ಕೇಳಿರಿ. ಕೇಳಿದ್ದನ್ನು ಇನ್ನಿಬ್ಬರಲ್ಲಿ ಖಚಿತಪಡಿಸಿಕೊಳ್ಳಿರಿ. ಒಬ್ಬರು ಬರೆಯಿರಿ, ಒಬ್ಬರು ಚಿತ್ರ ಬಿಡಿಸಿರಿ. 32 ಪುಟ ಸಾಕು. ಆಡಿದವರ ಬದುಕನ್ನು ಮಕ್ಕಳು ಓದತೊಡಗಿದರೆ, ಆ ಹಳೆಯ ಗಾದೆಗೆ ಅದೇ ತಕ್ಕ ಉತ್ತರ.