ಚಾಮರಾಜನಗರದ ಆಷಾಢ ರಥೋತ್ಸವ: ಜೀವಂತ ಸಂಪ್ರದಾಯದ ಚರಿತ್ರೆಯನ್ನು ಕುರಿತು ಒಂದು ವಿಚಾರ

ಶಾಸನ, ನಾಣ್ಯ, ಕಡತ ಇವು ಮೂರೂ ಚರಿತ್ರಕಾರನಿಗೆ ನಂಬಿಕೆಯ ಆಧಾರಗಳು. ಇವುಗಳ ಸಾಲಿನಲ್ಲಿ ಜಾತ್ರೆಗೂ ಒಂದು ಸ್ಥಾನವನ್ನು ಕೊಡಬಹುದೇ ಎಂಬ ಪ್ರಶ್ನೆ ನಮ್ಮಲ್ಲಿ ಬಹುಕಾಲ ಗಂಭೀರವಾಗಿ ಚರ್ಚಿತವಾಗಲಿಲ್ಲ. ಜಾತ್ರೆಯು ಜಾನಪದ ವಿದ್ವಾಂಸರ ವಿಷಯವೆಂದೂ, ಅದು ಕಾಲಾತೀತವಾದುದೆಂದೂ, ಆದಕಾರಣ ಅದಕ್ಕೆ ಚರಿತ್ರೆಯೇ ಇಲ್ಲವೆಂದೂ ಒಂದು ಭಾವನೆ ನೆಲೆನಿಂತಿದೆ. ಈ ಭಾವನೆ ಸರಿಯಲ್ಲವೆಂಬುದನ್ನು ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ನಿದರ್ಶನದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಜಾತ್ರೆಗೆ ಹುಟ್ಟಿದ ಕಾಲವುಂಟು, ಕಾರಣವುಂಟು. ಅದಕ್ಕೆ ವಿಪತ್ತುಗಳೂ ಉಂಟು. ವಿಪತ್ತು ಬಂದಾಗಲೇ ಅದರ ನಿಜವಾದ ಸ್ವರೂಪ ನಮಗೆ ಗೋಚರವಾಗುತ್ತದೆ.

ಮೊದಲು ಚಾಮರಾಜನಗರದ ವಿಷಯವನ್ನು ತೆಗೆದುಕೊಳ್ಳೋಣ. ಈ ಊರಿನ ಹಳೆಯ ಹೆಸರು ಅರಿಕುಠಾರ. ಮೈಸೂರಿನ ಖಾಸಾ ಚಾಮರಾಜ ಒಡೆಯರು 1774ರಲ್ಲಿ ಇಲ್ಲಿ ಜನಿಸಿದರು. 1776ರಲ್ಲಿ ಹೈದರಾಲಿಯು ರಾಜವಂಶದ ಶಾಖೆಗಳಿಗೆ ಸೇರಿದ ಮಕ್ಕಳನ್ನೆಲ್ಲ ಒಂದೆಡೆ ಸೇರಿಸಿ, ಅವರ ಮುಂದೆ ಹಣ್ಣುಹಂಪಲು, ಆಟಿಕೆಗಳನ್ನು ಹರಡಿಸಿದನೆಂದೂ, ಮಿಕ್ಕ ಮಕ್ಕಳು ತಿಂಡಿ ಆಟಿಕೆಗಳಿಗೆ ಮುಗಿಬಿದ್ದಾಗ ಈ ಒಂದು ಮಗು ಕಠಾರಿಗೆ ಕೈಯಿಟ್ಟಿತೆಂದೂ, ಅದನ್ನೇ ಹೈದರನು ಸಿಂಹಾಸನಕ್ಕೆ ಆರಿಸಿದನೆಂದೂ ಒಂದು ಕಥೆಯುಂಟು. ವಿಲ್ಕ್ಸನು ತನ್ನ ಮೈಸೂರು ಚರಿತ್ರೆಯಲ್ಲಿ ಇದನ್ನು ಹೇಳಿದ್ದಾನೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಆ ಮಗುವಿನ ಮುಂದಿನ ಬಾಳು ಮಾತ್ರ ಆಟಿಕೆಯ ಅರಸನ ಬಾಳೇ ಆಯಿತು. ಹೈದರ್ ಮತ್ತು ಟಿಪ್ಪು ಇವರ ಆಡಳಿತದಲ್ಲಿ ಹೆಸರಿಗೆ ಮಾತ್ರ ದೊರೆಯಾಗಿದ್ದು, 1796ರಲ್ಲಿ ಅವರು ತೀರಿಕೊಂಡರು. ಅವರ ತರುವಾಯ ಟಿಪ್ಪುವು ಯಾರನ್ನೂ ಪಟ್ಟಕ್ಕೆ ತರಲಿಲ್ಲ.

ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಬಾಲಕನಾಗಿ ಪಟ್ಟವೇರಿದ ಈ ದೊರೆ, ಪ್ರಾಪ್ತವಯಸ್ಕನಾದ ಬಳಿಕ ತಂದೆಯ ಜನ್ಮಸ್ಥಳವನ್ನು ಮರೆಯಲಿಲ್ಲ. 1818ರಲ್ಲಿ ಅರಿಕುಠಾರಕ್ಕೆ ತಂದೆಯ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ದೇವರಿಗೆ ತಂದೆಯ ಹೆಸರು, ದೇವಿಗೆ ಕೆಂಪನಂಜಾಂಬಾ ಎಂದು ತಾಯಿಯ ಹೆಸರು. ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪವೂ ಎದ್ದಿತು. ಜೀವಮಾನವಿಡೀ ಅಧಿಕಾರವಿಲ್ಲದೆ ಬದುಕಿದ ತಂದೆಗೆ ಮಗನು ಊರನ್ನೂ ದೇವಾಲಯವನ್ನೂ ರಥವನ್ನೂ ಕೊಟ್ಟನು. ಇದು ಪಿತೃಭಕ್ತಿಯ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಕಡಿದುಹೋಗಿದ್ದ ರಾಜಪರಂಪರೆಯ ಎಳೆಯನ್ನು ಮತ್ತೆ ಗಂಟುಹಾಕುವ ರಾಜಕಾರ್ಯವೂ ಇದರಲ್ಲಿ ಅಡಗಿತ್ತೆಂದು ಊಹಿಸಲು ಅವಕಾಶವಿದೆ.

ಇಲ್ಲಿಂದ ಮೂವತ್ತಾರು ಕಿಲೋಮೀಟರುಗಳಷ್ಟು ದೂರದ ಗುಂಡ್ಲುಪೇಟೆಯಲ್ಲಿ ಇದಕ್ಕೆ ನೂರೈವತ್ತು ವರ್ಷಗಳಷ್ಟು ಹಿಂದಿನ ಇಂಥದೇ ಇನ್ನೊಂದು ಪ್ರಕರಣವಿದೆ. ಆ ಊರಿನ ಪ್ರಾಚೀನ ನಾಮ ವಿಜಯಾಪುರ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ತಮ್ಮ ತಂದೆ ದೊಡ್ಡದೇವರಾಜರು ದಿವಂಗತರಾದ ಆ ಸ್ಥಳದಲ್ಲಿ ಅವರ ಸ್ಮರಣೆಗಾಗಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಚಿಕ್ಕದೇವರಾಜರು ಸಾಮಾನ್ಯ ಅರಸರಲ್ಲ. ಅವರ ಆಸ್ಥಾನದಲ್ಲಿ ತಿರುಮಲಾರ್ಯನಿದ್ದನು. ಗುಂಡ್ಲುಪೇಟೆಗೆ ಸಮೀಪದ ತೆರಕಣಾಂಬಿಯಲ್ಲಿ ಹುಟ್ಟಿದ ಚಿಕುಪಾಧ್ಯಾಯನಿದ್ದನು. ಯಳಂದೂರಿನ ಸಂಚಿಯ ಹೊನ್ನಮ್ಮ ಇದ್ದಳು. ಬೊಕ್ಕಸದಲ್ಲಿ ಧನವಿತ್ತು, ಸೈನ್ಯದಲ್ಲಿ ಬಲವಿತ್ತು. ಶಿಲ್ಪದ ದೃಷ್ಟಿಯಿಂದಲೂ ಪರವಾಸುದೇವ ದೇವಾಲಯ ಅಲ್ಪವಾದುದಲ್ಲ.

ಒಬ್ಬ ಮಗನು ತಂದೆ ಸತ್ತ ಸ್ಥಳದಲ್ಲಿ ಕಟ್ಟಿಸಿದನು. ಇನ್ನೊಬ್ಬನು ತಂದೆ ಹುಟ್ಟಿದ ಸ್ಥಳದಲ್ಲಿ ಕಟ್ಟಿಸಿದನು. ಇಬ್ಬರೂ ಒಂದೇ ವಂಶದವರು, ಉದ್ದೇಶವೂ ಒಂದೇ. ಆದರೆ ಪರಿಣಾಮ ಬೇರೆಯಾಯಿತು. ಗುಂಡ್ಲುಪೇಟೆಯ ದೇವಾಲಯವು ಬಹುಕಾಲ ಶಿಥಿಲಾವಸ್ಥೆಯಲ್ಲಿ ಉಳಿದು, ವಿದ್ವಾಂಸರ ಗಮನಕ್ಕೆ ಪಾತ್ರವಾಯಿತೇ ಹೊರತು ಸುತ್ತಣ ಜನರ ವರ್ಷದ ಲೆಕ್ಕಾಚಾರದಲ್ಲಿ ಸೇರಲಿಲ್ಲ. ಚಾಮರಾಜೇಶ್ವರನ ರಥೋತ್ಸವವಾದರೋ ಅರಸೊತ್ತಿಗೆ ಹೋದರೂ ಉಳಿದು, ಜಿಲ್ಲೆಯ ಗಡಿಯಾಚೆಗೂ ಪ್ರಸಿದ್ಧವಾಯಿತು. ಶ್ರೀಮಂತನಾದ, ಸ್ವತಂತ್ರನಾದ ಅರಸನ ಸ್ಮಾರಕ ಮೌನವಾಗಿ, ಐದು ವರ್ಷದಲ್ಲಿ ಪರಾಧೀನ ಪಟ್ಟವೇರಿದ ಅರಸನ ಸ್ಮಾರಕ ಮಾತನಾಡುತ್ತಿರುವುದಕ್ಕೆ ಕಾರಣವೇನು?

ಉತ್ತರವನ್ನು ಕಲ್ಲಿನಲ್ಲಿ ಹುಡುಕಿದರೆ ದೊರೆಯದು, ಪಂಚಾಂಗದಲ್ಲಿ ಹುಡುಕಬೇಕು. ಚಾಮರಾಜೇಶ್ವರನ ರಥ ಹರಿಯುವುದು ಆಷಾಢಮಾಸದಲ್ಲಿ, ಪೂರ್ವಾಷಾಢ ನಕ್ಷತ್ರದ ದಿನ. ಆಷಾಢವು ನಮ್ಮಲ್ಲಿ ಶುಭಕಾರ್ಯಗಳಿಗೆ ನಿಷಿದ್ಧವಾದ ತಿಂಗಳು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣು ಈ ತಿಂಗಳು ತವರಿಗೆ ಹೋಗಬೇಕು. ಅತ್ತೆ ಸೊಸೆಯರು ಒಂದೇ ಹೊಸಿಲು ದಾಟಬಾರದು. ಹೀಗೆ ಅಗಲಿದ ನವದಂಪತಿಗಳು ಹಿರಿಯರ ಆಕ್ಷೇಪಣೆಯಿಲ್ಲದೆ ಪರಸ್ಪರ ಮುಖ ನೋಡಲು ಈ ತೇರು ಒಂದು ಸಂದರ್ಭವನ್ನು ಒದಗಿಸಿಕೊಟ್ಟಿತು. ಹೆಣ್ಣು ತವರಿನವರೊಡನೆ ಬರುತ್ತಾಳೆ, ಗಂಡು ತನ್ನ ಮನೆಯವರೊಡನೆ ಬರುತ್ತಾನೆ. ತೇರಿಗೆ ಇಬ್ಬರೂ ಕೂಡಿ ಹಣ್ಣು ಜವನ ಎಸೆಯುತ್ತಾರೆ. ಎಸೆದ ಹಣ್ಣು ಕಲಶಕ್ಕೆ ತಗುಲಿದರೆ ಸಂತೋಷ, ತಗುಲದಿದ್ದರೆ ನಗು. ದೊರೆಯು ತಂದೆಗೆಂದು ಏರ್ಪಡಿಸಿದ ಉತ್ಸವವನ್ನು ಪ್ರಜೆಗಳು ತಮ್ಮ ಮನೆಯ ಅಗತ್ಯವೊಂದಕ್ಕೆ ಒಗ್ಗಿಸಿಕೊಂಡರು. ಅರಿಕುಠಾರದಲ್ಲಿ ಹುಟ್ಟಿದ ಅರಸನ ಹೆಸರು ಬಾರದವರಿಗೂ ಆ ದಿನ ಬೇಕಾಯಿತು. ಈ ಒಗ್ಗಿಸಿಕೊಳ್ಳುವಿಕೆಯೇ ಸಂಪ್ರದಾಯದ ಪ್ರಾಣವೆಂಬುದು ಈ ಲೇಖಕನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಕಠಿಣವಾದ ಪರೀಕ್ಷೆಯೊಂದು ನಮ್ಮ ಕಾಲದಲ್ಲಿಯೇ ಒದಗಿತು. 2017ರ ಫೆಬ್ರವರಿಯಲ್ಲಿ ಚಾಮರಾಜೇಶ್ವರನ ರಥಕ್ಕೆ ಬೆಂಕಿ ಬಿದ್ದಿತು. ರಥವು ಉಪಯೋಗಕ್ಕೆ ಬಾರದಂತಾಯಿತು. ಆ ವರ್ಷದ ಆಷಾಢದಲ್ಲಿ ತೇರು ಹರಿಯಲಿಲ್ಲ, ಮರುವರ್ಷವೂ ಹರಿಯಲಿಲ್ಲ. ನಡುವೆ ಮಹಾಮಾರಿಯೂ ಬಂದಿತು. ಹೊಸ ರಥವು ಸಿದ್ಧವಾಗಿ, ರಥೋತ್ಸವ ಮತ್ತೆ ನಡೆದುದು 2022ರ ಜುಲೈ ತಿಂಗಳಿನಲ್ಲಿ. ಐದು ಆಷಾಢಗಳು ರಥವಿಲ್ಲದೆ ಸಂದವು. ಆ ಅವಧಿಯಲ್ಲಿ ಮದುವೆಯಾದ ಜೋಡಿಗಳಿಗೆ ಹಣ್ಣು ಜವನ ಎಸೆಯುವ ಮೊದಲ ಆಷಾಢ ಮತ್ತೆ ಬರುವಂತಿರಲಿಲ್ಲ. ಹೊರಗಿನವನಿಗೆ ಇದು ಸಣ್ಣ ಸಂಗತಿಯಾಗಿ ಕಂಡೀತು. ಆದರೆ ಒಂದು ಊರಿನ ಜ್ಞಾಪಕಶಕ್ತಿಯಲ್ಲಿ ಐದು ವರ್ಷದ ಬಿರುಕು ಸಣ್ಣದಲ್ಲ. ತೇರನ್ನು ಕಾಣದೆ ಬೆಳೆದ ಮಕ್ಕಳಿಗೆ ಹಗ್ಗ ಹಿಡಿಯುವ ಕ್ರಮವನ್ನು ಹೇಳಿಕೊಡುವವರು ಬೇಕಾಗುತ್ತದೆ.

ಹೊಸ ಮರದ ಹೊಸ ರಥದಲ್ಲಿ ಹಳೆಯ ಉತ್ಸವವಿದೆಯೇ? ಈ ಪ್ರಶ್ನೆ ನಮಗೆ ಮಾತ್ರ ಬಂದುದಲ್ಲ. ಇದನ್ನು ವಿಶದಪಡಿಸಲು ದೂರದ ತುರ್ಕಿ ದೇಶದ ಎರಡು ನಿದರ್ಶನಗಳನ್ನು ಇಲ್ಲಿ ತರುವುದು ಉಚಿತವೆನಿಸುತ್ತದೆ. ತುರ್ಕಿಗೂ ಮೈಸೂರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅರಿಕುಠಾರದ ಆ ಬಾಲಕನು ಶ್ರೀರಂಗಪಟ್ಟಣದಲ್ಲಿ ಹೆಸರಿಗೆ ದೊರೆಯಾಗಿದ್ದ ಕಾಲದಲ್ಲಿಯೇ, 1786ರಲ್ಲಿ, ಟಿಪ್ಪು ಸುಲ್ತಾನನು ಗುಲಾಂ ಅಲಿ ಖಾನನ ಮುಂದಾಳ್ತನದಲ್ಲಿ ಒಂದು ದೊಡ್ಡ ರಾಯಭಾರಿ ಮಂಡಲಿಯನ್ನು ತುರ್ಕಿಯ ಸುಲ್ತಾನನ ಬಳಿಗೆ ಕಳುಹಿಸಿದನು. ಅದು ಕಡಲ ಮಾರ್ಗವಾಗಿ ಬಸ್ರಾಕ್ಕೆ ಹೋಗಿ, ಅಲ್ಲಿಂದ ಮುಂದುವರಿದು 1787ರಲ್ಲಿ ಇಸ್ತಾಂಬುಲ್ ನಗರವನ್ನು ಸೇರಿತು. ಹೋದವರಲ್ಲಿ ಬಹುಮಂದಿ ಮರಳಿ ಬರಲಿಲ್ಲ. ಮಂಡಲಿಯ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರನು ಪಾರಸಿಯಲ್ಲಿ ಬರೆದ ಪ್ರವಾಸದ ದಿನಚರಿ ಇಂದಿಗೂ ಉಳಿದಿದೆ. ಆದಕಾರಣ ಮೈಸೂರಿನ ಚರಿತ್ರೆಯಲ್ಲಿ ತುರ್ಕಿ ಅಪರಿಚಿತ ದೇಶವೇನೂ ಅಲ್ಲ.

ಮೊದಲನೆಯ ನಿದರ್ಶನ ಕೊನ್ಯಾ ನಗರದ್ದು. ಸೂಫಿ ಕವಿ ಜಲಾಲುದ್ದೀನ್ ರೂಮಿ 1273ರ ಡಿಸೆಂಬರ್ 17ರಂದು ಅಲ್ಲಿ ದಿವಂಗತನಾದನು. ಅವನ ಅನುಯಾಯಿಗಳಾದ ಮೌಲವಿ ಪಂಥದವರು ಎತ್ತರವಾದ ಟೋಪಿ ಧರಿಸಿ, ಕಪ್ಪು ನಿಲುವಂಗಿಯನ್ನು ಕಳಚಿಟ್ಟು, ಬಿಳಿಯ ನೆರಿಗೆಯುಡುಪಿನಲ್ಲಿ ಸುತ್ತುತ್ತ ಧ್ಯಾನಿಸುವ ಆಚರಣೆಗೆ ‘ಸಮಾ’ ಎಂದು ಹೆಸರು. ಟೋಪಿ ಗೋರಿಕಲ್ಲಿನ ಸಂಕೇತ, ಬಿಳಿಯುಡುಪು ಶವವಸ್ತ್ರದ ಸಂಕೇತ. 1925ರಲ್ಲಿ ತುರ್ಕಿಯ ಗಣರಾಜ್ಯವು ಕಾನೂನಿನ ಮೂಲಕ ಈ ಬಗೆಯ ಮಠಗಳೆಲ್ಲವನ್ನೂ ಮುಚ್ಚಿತು. ಕೊನ್ಯಾದ ಮಠವು 1927ರಲ್ಲಿ ವಸ್ತುಸಂಗ್ರಹಾಲಯವಾಯಿತು. 1950ರ ದಶಕದಲ್ಲಿ ರೂಮಿಯ ಸ್ಮರಣೆಯ ಹೆಸರಿನಲ್ಲಿ ಸಮಾ ಮತ್ತೆ ಸಾರ್ವಜನಿಕವಾಗಿ ಕಾಣಿಸಿಕೊಂಡಿತು. ಈಗ ಡಿಸೆಂಬರಿನಲ್ಲಿ ದೇಶವಿದೇಶಗಳ ಜನ ಅದನ್ನು ನೋಡಲು ಬರುತ್ತಾರೆ. 2008ರಲ್ಲಿ ಯುನೆಸ್ಕೋ ಸಂಸ್ಥೆಯ ಪಟ್ಟಿಯಲ್ಲಿಯೂ ಅದು ಸೇರಿತು. ಆದರೆ ಪ್ರವಾಸಿಗಳ ಅನುಕೂಲಕ್ಕೆ ತಕ್ಕಂತೆ ಅನೇಕ ಕಡೆ ಆಚರಣೆ ಮೊಟಕಾಗಿದೆ. ಉಡುಪು ಉಳಿಯಿತು, ಚಲನೆ ಉಳಿಯಿತು. ಆದರೆ ಅದನ್ನು ದಿನನಿತ್ಯದ ಸಾಧನೆಯಾಗಿ ಪಾಲಿಸುತ್ತಿದ್ದ ಮಠದ ಬಾಳು ಹಳೆಯ ರೂಪದಲ್ಲಿ ಹಿಂದಿರುಗಲಿಲ್ಲ.

ಎರಡನೆಯದು ಎದಿರ್ನೆ ನಗರದ ಕಿರ್ಕ್‌ಪಿನಾರ್ ಕುಸ್ತಿಯ ಉತ್ಸವ. ಚರ್ಮದ ಚಲ್ಲಣ ತೊಟ್ಟ ಜಟ್ಟಿಗಳು ಮೈಗೆಲ್ಲ ಎಣ್ಣೆ ಬಳಿದುಕೊಂಡು, ಡೋಲು ಮತ್ತು ಜುರ್ನಾ ಎಂಬ ಊದುವ ವಾದ್ಯಗಳ ಧ್ವನಿಯ ನಡುವೆ ಹುಲ್ಲುಮೈದಾನದಲ್ಲಿ ಸೆಣಸುತ್ತಾರೆ. ಮೈಸೂರು ದಸರೆಯ ಕುಸ್ತಿಯನ್ನು ಕಂಡವರಿಗೆ ಈ ದೃಶ್ಯ ತೀರ ಹೊಸದೆನಿಸದು. ಬಾಲ್ಕನ್ ಯುದ್ಧಗಳ ತರುವಾಯ ದೇಶದ ಎಲ್ಲೆ ಬದಲಾಗಿ, ಮೂಲ ಮೈದಾನವೆಂದು ನಂಬಲಾದ ನೆಲ ತುರ್ಕಿಯ ಹೊರಗೆ ಉಳಿಯಿತು. ಜನರು ಉತ್ಸವವನ್ನು ಬಿಡಲಿಲ್ಲ; 1924ರಿಂದ ಎದಿರ್ನೆಯ ಸರಾಯಿಚಿ ಎಂಬಲ್ಲಿ ಅದನ್ನು ನಡೆಸಿದರು. ನೆಲ ಹೋಯಿತು, ಗುರುವು ಶಿಷ್ಯನಿಗೆ ಪಟ್ಟು ಕಲಿಸುವ ಕ್ರಮ ಹೋಗಲಿಲ್ಲ. 2010ರಲ್ಲಿ ಇದೂ ಯುನೆಸ್ಕೋ ಪಟ್ಟಿಯನ್ನು ಸೇರಿತು.

ಈ ಎರಡನ್ನೂ ಹೋಲಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಸ್ಥಳ ಕಳೆದುಹೋದರೆ, ವಸ್ತು ಸುಟ್ಟುಹೋದರೆ ಸಂಪ್ರದಾಯವು ಚೇತರಿಸಿಕೊಳ್ಳಬಲ್ಲದು. ಅದನ್ನು ನಿತ್ಯಜೀವನಕ್ಕೆ ಕಟ್ಟಿದ ಸಂಬಂಧ ಕಡಿದರೆ ಚೇತರಿಕೆ ಕಷ್ಟ. ಆಗ ಅದು ನೋಡುವವರ ವಸ್ತುವಾಗುತ್ತದೆ, ಮಾಡುವವರ ವಸ್ತುವಾಗಿ ಉಳಿಯುವುದಿಲ್ಲ. ಪರವಾಸುದೇವ ದೇವಾಲಯದಲ್ಲಿ ಇಂಥ ಸಂಬಂಧ ದೃಢವಾಗಿ ಬೆಳೆಯಲಿಲ್ಲ. ಚಾಮರಾಜೇಶ್ವರನ ತೇರಿನಲ್ಲಿ ಬೆಳೆಯಿತು; ಆದುದರಿಂದಲೇ ಬೆಂಕಿಯು ಮರವನ್ನು ಮಾತ್ರ ಸುಟ್ಟಿತು.

ನಮ್ಮ ಜಿಲ್ಲೆಯ ಜನರಿಗೆ ಈ ಸತ್ಯ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ವಾಮಿಗೆ ದೊಡ್ಡ ಚರ್ಮದ ಪಾದುಕೆಗಳನ್ನು ಎರಡು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಿ ಅರ್ಪಿಸುವ ಪದ್ಧತಿಯಿದೆ. ರಂಗನಾಥನು ಕಾಡಿನಲ್ಲಿ ಸಂಚರಿಸುವುದರಿಂದ ಅವು ಸವೆಯುತ್ತವೆಂದು ನಂಬಿಕೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದ ರಂಗನಾಥನು ಅವರಿಗೆ ಭಾವ. ಸವೆಯುವುದು ದೋಷವಲ್ಲ, ನಡೆದುದರ ಗುರುತು. ಹೊಸದನ್ನು ಮಾಡುವುದು ಕೃತಕವಲ್ಲ, ಸಂಬಂಧ ಉಳಿದುದರ ಗುರುತು. ಪಾದುಕೆಗೆ ಸಲ್ಲುವ ಮಾತು ರಥಕ್ಕೂ ಸಲ್ಲುತ್ತದೆ.

ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ನವವಧುವನ್ನು ಆಷಾಢದಲ್ಲಿ ತವರಿಗೆ ಕಳುಹಿಸುವ ರೂಢಿ ಸಡಿಲವಾಗುತ್ತಿದೆ. ಉದ್ಯೋಗಕ್ಕಾಗಿ ಮೈಸೂರು ಬೆಂಗಳೂರುಗಳಲ್ಲಿ ನೆಲೆಸಿದ ದಂಪತಿಗಳಿಗೆ ಅಗಲಿಕೆಯ ನಿಯಮವೇ ಇಲ್ಲ. ಅಗಲಿಕೆಯಿಲ್ಲದೆ ಭೇಟಿಯ ಸಂಭ್ರಮ ಹೇಗೆ ಉಳಿದೀತು? ಬೆಂಕಿಗಿಂತಲೂ ಗಂಭೀರವಾದ ಪರೀಕ್ಷೆ ಇದು, ಸದ್ದಿಲ್ಲದ ಪರೀಕ್ಷೆ. ಹೆಣ್ಣುಮಕ್ಕಳ ಸ್ವಾತಂತ್ರ್ಯ ಹೆಚ್ಚಿ ಒಂದು ಹಳೆಯ ಕಟ್ಟುಪಾಡು ಸಡಿಲವಾದರೆ ಚರಿತ್ರಕಾರನು ಮರುಗಬೇಕಾಗಿಲ್ಲ. ಆದರೆ ಆ ಕಟ್ಟುಪಾಡಿನ ಒಳಗೇ ಜನರು ಕಂಡುಕೊಂಡಿದ್ದ ಒಂದು ದಿನದ ಬಿಡುಗಡೆಯನ್ನು ದಾಖಲಿಸದೆ ಬಿಡುವುದು ತಪ್ಪಾಗುತ್ತದೆ.

ಕಾರಣ, ನಮ್ಮ ವಿದ್ಯಾರ್ಥಿಗಳು ಮುಂದಿನ ಆಷಾಢದಲ್ಲಿ ದೇವಾಲಯದ ಶಾಸನಗಳನ್ನು ಓದುವುದರ ಜೊತೆಗೆ ರಥಬೀದಿಯಲ್ಲಿಯೂ ನಿಲ್ಲಬೇಕೆಂದು ಈ ಲೇಖಕನ ವಿನಂತಿ. 2016ರ ಹಿಂದಿನ ತೇರುಗಳನ್ನು ನೆನಪಿನಲ್ಲಿಟ್ಟುಕೊಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಹಗ್ಗವನ್ನು ಯಾರು ಹಿಡಿಯುತ್ತಿದ್ದರು, ಯಾವ ಹಳ್ಳಿಯವರು ಯಾವ ಕಡೆ ನಿಲ್ಲುತ್ತಿದ್ದರು, ತಾವು ನವದಂಪತಿಗಳಾಗಿ ಬಂದ ವರ್ಷ ಹೇಗಿತ್ತು ಎಂಬುದನ್ನು ಅವರಿಂದ ಕೇಳಿ ಬರೆದಿಡಬೇಕು. ಹಾಗೆಯೇ ಗುಂಡ್ಲುಪೇಟೆಗೂ ಹೋಗಿ ಪರವಾಸುದೇವ ದೇವಾಲಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮಕ್ಕಳು ತಂದೆಯರಿಗಾಗಿ ಕಟ್ಟಿಸಿದುದರಲ್ಲಿ ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ, ಏಕೆ ಎಂಬ ಪ್ರಶ್ನೆಯನ್ನು ಈ ಎರಡು ಊರುಗಳಷ್ಟು ಸ್ಪಷ್ಟವಾಗಿ ಕೇಳುವ ಗ್ರಂಥ ಬೇರೊಂದಿಲ್ಲ.