ಗೋದಲಿಯಿಂದ ಆರಂಭವಾಗಬೇಕಾದ ಸಲಹೆ: ಹಳೆ ಮೈಸೂರು ಸೀಮೆಯ ಹೈನುಗಾರರನ್ನು ಕುರಿತು

ಹಾಲಿನ ಉತ್ಪಾದನಾ ವೆಚ್ಚದಲ್ಲಿ ಸುಮಾರು ಶೇ. 60ರಿಂದ 70ರಷ್ಟು ಮೇವು ಮತ್ತು ಪಶು ಆಹಾರಕ್ಕೇ ಹೋಗುತ್ತದೆ. ಆದರೆ ಹಳ್ಳಿಯ ಪಶುವೈದ್ಯ ಸೇವೆ ಬೆಳೆದಿರುವುದು ಕಾಯಿಲೆ ಹಾಗೂ ಕೃತಕ ಗರ್ಭಧಾರಣೆಯ ಸುತ್ತ. ವೈದ್ಯರಿಗೆ ಕರೆ ಹೋಗುವುದು ಹಸು ಮೇವು ಬಿಟ್ಟಾಗ, ಇಲ್ಲವೇ ಬೆದೆಗೆ ಬಂದಾಗ. ಚೆನ್ನಾಗಿ ಹಾಲು ಕೊಡುತ್ತಿರುವ ಹಸುವಿನ ಗೋದಲಿಯಲ್ಲಿ ಏನಿದೆ ಎಂದು ನೋಡುವ ಹೊಣೆ ಯಾರದೆಂಬುದು ಸ್ಪಷ್ಟವಿಲ್ಲ. ಇಂಜೆಕ್ಷನ್ನಿಗೆ ಹಣ ಕೊಡುವ ರೈತರು ಬರೀ ಸಲಹೆಗೆ ಕೊಡುವುದು ವಿರಳ. ಹಾಗಾಗಿ ಸಲಹೆ ಚಿಕಿತ್ಸೆಯ ಕೊನೆಯಲ್ಲಿ ಹೇಳಿ ಹೋಗುವ ಎರಡು ಮಾತಾಗಿ ಉಳಿದಿದೆ.

ಅಳತೆಯಿಲ್ಲದ ಮಾತಿನ ಅಪಾಯ ಸಣ್ಣದಲ್ಲ. ಕೋಲಾರದ ಬೆದ್ದಲಿನ ಮನೆಗಳಲ್ಲಿ ರಾಗಿ ಹುಲ್ಲು, ಮಂಡ್ಯದ ನಾಲೆ ಬಯಲಿನಲ್ಲಿ ಭತ್ತದ ಹುಲ್ಲು. ಭತ್ತದ ಹುಲ್ಲಿನಲ್ಲಿ ಪ್ರೋಟೀನು ಶೇ. 3–4ರಷ್ಟೇ, ಅದರ ಆಕ್ಸಲೇಟು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಒಂದು ಲೀಟರು ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇರುವುದರಿಂದ 15 ಲೀಟರು ಕರೆಯುವ ಹಸು ದಿನಕ್ಕೆ 18 ಗ್ರಾಮಿನಷ್ಟನ್ನು ಹಾಲಿನಲ್ಲೇ ಕಳೆದುಕೊಳ್ಳುತ್ತದೆ. ತಿಂದದ್ದರಲ್ಲಿ ಒಂದು ಪಾಲು ಮಾತ್ರ ದೇಹ ಸೇರುವುದರಿಂದ ಮೇವಿನಲ್ಲಿ ಇದರ ಎಷ್ಟೋ ಪಟ್ಟು ಇರಬೇಕು. ಇಂಥ ಹಸುವಿಗೆ ‘ಬೂಸಾ ಜಾಸ್ತಿ ಮಾಡಿ’ ಎಂದರೆ ರಂಜಕ ಏರುತ್ತದೆ, ಕ್ಯಾಲ್ಸಿಯಂ ಕೊರತೆ ಹಾಗೇ ಉಳಿಯುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಆಯಾ ಪ್ರದೇಶಕ್ಕೆ ಹೊಂದುವ ಖನಿಜ ಮಿಶ್ರಣಗಳನ್ನು ರೂಪಿಸಿರುವುದು ಈ ವ್ಯತ್ಯಾಸಗಳನ್ನು ಮನಗಂಡೇ.

ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ನಡೆಸಿದ ಸಮತೋಲಿತ ಆಹಾರ ಕಾರ್ಯಕ್ರಮದ ವಿಧಾನ ಇಲ್ಲಿ ಗಮನಾರ್ಹ. ತರಬೇತಿ ಪಡೆದ ಊರಿನವರೇ ಟೇಪಿನಿಂದ ಹಸುವಿನ ಎದೆಸುತ್ತು ಅಳೆದು ತೂಕ ಅಂದಾಜಿಸಿ, ಹಾಲಿನ ಪ್ರಮಾಣ ಮತ್ತು ಫ್ಯಾಟು ಗುರುತಿಸಿಕೊಂಡು, ಮನೆಯಲ್ಲಿರುವ ಮೇವಿನಿಂದಲೇ ಕಡಿಮೆ ಖರ್ಚಿನ ಆಹಾರವನ್ನು ಲೆಕ್ಕ ಹಾಕಿ ಹೇಳುತ್ತಿದ್ದರು. ಅಳೆದು ಹೇಳುವುದು, ಮತ್ತೆ ಬಂದು ನೋಡುವುದು: ವೃತ್ತಿಪರ ಸಲಹೆಗೆ ಇವೆರಡೂ ಅನಿವಾರ್ಯವೆಂದು ನಾನು ಭಾವಿಸುತ್ತೇನೆ.

ಮತ್ತೆ ಬಂದು ನೋಡಲು ಒಂದು ದಾಖಲೆ ಆಗಲೇ ರೈತರ ಕೈಯಲ್ಲಿದೆ: ಹಾಲಿನ ಪ್ರಮಾಣ, ಫ್ಯಾಟು, ಡಿಗ್ರಿ ಬರೆದ ಡೈರಿ ಚೀಟಿ. ಎರಡೇ ಹಸು ಇರುವ ಮನೆಯ ಚೀಟಿ ಹೆಚ್ಚುಕಡಿಮೆ ಆ ಹಸುಗಳ ಆರೋಗ್ಯದ ದಿನಚರಿಯೇ. ಫ್ಯಾಟು ಕುಸಿದರೆ ನಾರಿನ ಮೇವು ಸಾಲದೇ ಎಂದು ಕೇಳಬೇಕು. ‘ಡಿಗ್ರಿ ಬರ್ತಿಲ್ಲ’ (ಲ್ಯಾಕ್ಟೊಮೀಟರಿನಲ್ಲಿ ಹಾಲಿನ ಗಟ್ಟಿತನ ಕಡಿಮೆ) ಎಂದರೆ ಶಕ್ತಿ ಕೊಡುವ ಆಹಾರ ಕಡಿಮೆಯಾಗಿರಬಹುದು, ಹೊರಗೆ ಕಾಣದ ಕೆಚ್ಚಲು ಬಾವೂ ಇರಬಹುದು. ಚೀಟಿ ರೋಗವನ್ನು ನಿರ್ಧರಿಸುವುದಿಲ್ಲ. ಯಾವ ಕೊಟ್ಟಿಗೆಗೆ ಮೊದಲು ಹೋಗಬೇಕೆಂದು ತಿಳಿಸುತ್ತದೆ. ಆದರೆ ಚೀಟಿ ಯಾರ ಕೈ ಸೇರುತ್ತದೆ ಎಂಬುದೂ ಮುಖ್ಯ. ಹಾಲು ಉತ್ಪಾದಕರ ಸಂಘದ ಸದಸ್ಯತ್ವ ಗಂಡನ ಹೆಸರಿನಲ್ಲಿದ್ದರೆ ಚೀಟಿಯೂ ತರಬೇತಿಯ ಕರೆಯೂ ಅವನಿಗೇ ತಲುಪುತ್ತವೆ. ಹುಲ್ಲು ಹಾಕಿ, ಹಿಂಡಿ ನೆನೆಸಿ, ಹಾಲು ಕರೆಯುವುದು ಬಹುಪಾಲು ಹೆಂಡತಿ. ಆದ್ದರಿಂದ ಚೀಟಿ ಓದುವ ತರಬೇತಿಯನ್ನು ಹೆಣ್ಣುಮಕ್ಕಳಿಗೆ ಅವರ ಕೊಟ್ಟಿಗೆಯಲ್ಲೇ, ಬೆಳಗಿನ ಹಾಲು ಡೈರಿಗೆ ಹೋದ ಮೇಲಿನ ಬಿಡುವಿನಲ್ಲಿ ಇಟ್ಟುಕೊಳ್ಳಬೇಕು.